ಕಾರ್ಡ್‌ಲೆಸ್ ದೂರವಾಣಿ

ಕಾರ್ಡ್‌ಲೆಸ್ ದೂರವಾಣಿ ಅಥವಾ ನಿಸ್ತಂತು ದೂರವಾಣಿಯು ಸ್ಥಿರ ದೂರವಾಣಿಯ ಒಂದು ಬಗೆ. ಇದರಲ್ಲಿ ಕೈಯಲ್ಲಿ ಹಿಡಿದು ಮಾತನಾಡುವ ಹ್ಯಾಂಡ್‌ಸೆಟ್ ಮತ್ತು ದೂರವಾಣಿ ತಂತಿಗೆ ಜೋಡಿಸಿದ ಮೂಲ ಘಟಕ ಎಂಬ ಎರಡು ಭಾಗಗಳಿರುತ್ತವೆ. ಇವೆರಡರ ನಡುವೆ ತಂತಿಯ ಸಂಪರ್ಕವಿರುವುದಿಲ್ಲ. ಧ್ವನಿಯು ರೇಡಿಯೋ ಅಲೆಗಳ ಮೂಲಕ ಸಾಗುತ್ತದೆ. ಕಚೇರಿ, ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಮಂಡಿ ಮುಂತಾದ ಕಡೆ ಒಂದೇ ದೂರವಾಣಿ ಸಂಖ್ಯೆಯನ್ನು ಹಲವು ಕೊಠಡಿಗಳಲ್ಲಿ ಬಳಸಲು ಇದು ಅನುಕೂಲಕರ.

ಇದನ್ನು ಮೊಬೈಲ್ ದೂರವಾಣಿಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಮೊಬೈಲ್ ದೂರವಾಣಿಯು ಕಂಪನಿಯ ಗೋಪುರದೊಂದಿಗೆ ನೇರವಾಗಿ ಸಂಪರ್ಕ ಸಾಧಿಸುತ್ತದೆ. ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್‌ಗೆ ತನ್ನದೇ ಮೂಲ ಘಟಕವೇ ಗೋಪುರ. ಅದರ ವ್ಯಾಪ್ತಿಯಿಂದ ಹೊರಬಿದ್ದರೆ ಕರೆ ಕಡಿದುಹೋಗುತ್ತದೆ. ಮೇಜಿನ ಮೇಲೆ ಇರಿಸುವ, ಆದರೆ ಒಳಗೆ ಸಿಮ್ ಕಾರ್ಡ್ ಹಾಕುವ ಸ್ಥಿರ ನಿಸ್ತಂತು ದೂರವಾಣಿಯು ಸಹ ಬೇರೆಯೇ ಸಾಧನ.

ಇತಿಹಾಸ

ಅಮೆರಿಕದ ಹವ್ಯಾಸಿ ರೇಡಿಯೋ ಪರಿಣತ ಜಾರ್ಜ್ ಸ್ವೀಗರ್ಟ್ ಎಂಬವರು ದೂರವಾಣಿ ತಂತಿಗೆ ಜೋಡಿಸಬಹುದಾದ ದ್ವಿಮುಖ ರೇಡಿಯೋ ಸಾಧನವೊಂದಕ್ಕೆ 1969ರಲ್ಲಿ ಪೇಟೆಂಟ್ ಪಡೆದರು. 1980ರ ದಶಕದಲ್ಲಿ ಕಾರ್ಡ್‌ಲೆಸ್ ದೂರವಾಣಿಗಳು ಮಾರುಕಟ್ಟೆಯಲ್ಲಿ ವ್ಯಾಪಕವಾದವು. ಆ ಕಾಲದ ಉಪಕರಣಗಳು ಅನಲಾಗ್ ತಂತ್ರವನ್ನು ಅವಲಂಬಿಸಿದ್ದವು. ಅವುಗಳಲ್ಲಿ ಗೊರಗೊರ ಸದ್ದು ಹೆಚ್ಚು. ನೆರೆಯವರ ಮಾತು ಕೇಳಿಸುವುದೂ ಉಂಟು. ಈ ಕೊರತೆಯನ್ನು ನೀಗಿಸಲು ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆಯು 1992ರಲ್ಲಿ ಡಿಜಿಟಲ್ ಮಾನಕವೊಂದನ್ನು ಪ್ರಕಟಿಸಿತು. ಡಿಇಸಿಟಿ, ಅಂದರೆ ಡೆಕ್ಟ್ ಎಂಬ ಹೆಸರಿನ ಈ ಮಾನಕವೇ ಇಂದಿನ ಬಹುಪಾಲು ಕಾರ್ಡ್‌ಲೆಸ್ ದೂರವಾಣಿಗಳಿಗೆ ಆಧಾರ.

ಭಾರತದಲ್ಲಿ ಬೆಂಗಳೂರಿನ ಐಟಿಐ ಕಾರ್ಖಾನೆ 1948ರಿಂದ ದೂರವಾಣಿ ಉಪಕರಣಗಳ ತಯಾರಿಕೆಗೆ ಹೆಸರಾಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಇಂತಹ ಸಣ್ಣ ವಿನಿಮಯ ಕೇಂದ್ರಗಳಿಂದಾಗಿ ಸಣ್ಣ ಊರುಗಳಲ್ಲಿಯೂ ಆಪರೇಟರ್ ನೆರವಿಲ್ಲದೆ ಕರೆ ಮಾಡುವುದು ಸಾಧ್ಯವಾಯಿತು. ಮುಂದೆ ಮದ್ರಾಸಿನ ಐಐಟಿಯ ಪ್ರಾಧ್ಯಾಪಕ ಅಶೋಕ್ ಝುಂಝುನ್‌ವಾಲಾ ಅವರ ತಂಡವು ಡೆಕ್ಟ್ ಮಾನಕವನ್ನೇ ಬಳಸಿ, ಹಳ್ಳಿಗಳಿಗೆ ತಂತಿಯಿಲ್ಲದೆ ದೂರವಾಣಿ ಮತ್ತು ಅಂತರಜಾಲ ಒದಗಿಸುವ ‘ಕಾರ್‌ಡೆಕ್ಟ್’ ವ್ಯವಸ್ಥೆಯನ್ನು ರೂಪಿಸಿತು.

ರಚನೆ ಮತ್ತು ಕಾರ್ಯವಿಧಾನ

ಅಂಗಡಿಯವರ ಮಾತಿನಲ್ಲಿ ‘ಬೇಸ್’ ಎನಿಸಿಕೊಳ್ಳುವ ಮೂಲ ಘಟಕಕ್ಕೆ ಎರಡು ಜೋಡಣೆಗಳು ಬೇಕು: ಒಂದು ದೂರವಾಣಿ ತಂತಿ, ಇನ್ನೊಂದು ವಿದ್ಯುತ್ ಅಡಾಪ್ಟರ್. ತಂತಿಯಲ್ಲಿ ಬಂದ ಧ್ವನಿಯನ್ನು ಮೂಲ ಘಟಕವು ಅಂಕೀಯ ಸಂಕೇತಗಳಾಗಿ ಪರಿವರ್ತಿಸಿ ರೇಡಿಯೋ ಮೂಲಕ ಹ್ಯಾಂಡ್‌ಸೆಟ್‌ಗೆ ಕಳುಹಿಸುತ್ತದೆ. ಹ್ಯಾಂಡ್‌ಸೆಟ್‌ನಲ್ಲಿ ಆಡಿದ ಮಾತು ಇದೇ ದಾರಿಯಲ್ಲಿ ಹಿಂದಿರುಗುತ್ತದೆ.

ಯುರೋಪಿನ ಡೆಕ್ಟ್ ಮಾನಕವು 1880ರಿಂದ 1900 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ಬಳಸುತ್ತದೆ. ಇದರಲ್ಲಿ 10 ವಾಹಕ ಆವೃತ್ತಿಗಳಿವೆ. ಪ್ರತಿಯೊಂದು ವಾಹಕದಲ್ಲಿಯೂ 10 ಮಿಲಿಸೆಕೆಂಡುಗಳ ಅವಧಿಯನ್ನು 24 ಸಮಭಾಗಗಳಾಗಿ ವಿಂಗಡಿಸಿ, 12 ಭಾಗಗಳನ್ನು ಹ್ಯಾಂಡ್‌ಸೆಟ್‌ನತ್ತ ಹೋಗುವ ಧ್ವನಿಗೂ 12 ಭಾಗಗಳನ್ನು ಹಿಂದಿರುಗುವ ಧ್ವನಿಗೂ ಮೀಸಲಿಡಲಾಗುತ್ತದೆ. ಶಾಲೆಯ ವೇಳಾಪಟ್ಟಿಯಂತೆ ಪ್ರತಿ ಕರೆಗೂ ತನ್ನದೇ ಅವಧಿ ದೊರೆಯುವುದರಿಂದ ಒಂದು ಕರೆ ಇನ್ನೊಂದರೊಂದಿಗೆ ಬೆರೆಯುವುದಿಲ್ಲ. ಒಂದು ವಾಹಕದಲ್ಲಿ ಅಡಚಣೆ ಕಂಡುಬಂದರೆ ಉಪಕರಣವು ತಾನಾಗಿಯೇ ಇನ್ನೊಂದಕ್ಕೆ ಬದಲಾಗುತ್ತದೆ.

ಪ್ರಸಾರ ಶಕ್ತಿಯು ಗರಿಷ್ಠ 250 ಮಿಲಿವ್ಯಾಟ್ ಇದ್ದರೂ, ಒಂದು ಕರೆಯು 24ರಲ್ಲಿ ಒಂದು ಭಾಗವನ್ನಷ್ಟೇ ಬಳಸುವುದರಿಂದ ಸರಾಸರಿ ಶಕ್ತಿ ಸುಮಾರು 10 ಮಿಲಿವ್ಯಾಟ್ ಮಾತ್ರ. ವ್ಯಾಪ್ತಿಯು ಸಾಮಾನ್ಯವಾಗಿ ಕಟ್ಟಡದೊಳಗೆ 50 ಮೀಟರ್, ಬಯಲಿನಲ್ಲಿ 300 ಮೀಟರ್‌ವರೆಗೆ ಇರುತ್ತದೆ. ದಪ್ಪ ಕಲ್ಲಿನ ಗೋಡೆ, ಕಬ್ಬಿಣದ ಕಪಾಟು, ಕಾಂಕ್ರೀಟ್ ತಾರಸಿ ಮತ್ತು ತಗಡಿನ ಮಾಡು ಇದನ್ನು ಬಹಳ ಕಡಿಮೆ ಮಾಡುತ್ತವೆ.

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಪ್ರದೇಶದಲ್ಲಿ ಬಳಕೆ

ಚಿಕ್ಕಮಗಳೂರು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗದಲ್ಲಿರುವ ಈ ಮೂರು ತಾಲ್ಲೂಕುಗಳಲ್ಲಿ ತೆಂಗು, ಅಡಿಕೆ, ಈರುಳ್ಳಿ ಮುಂತಾದ ಬೆಳೆಗಳ ವ್ಯಾಪಾರವೂ ಸಹಕಾರ ಸಂಘಗಳ ವ್ಯವಹಾರವೂ ನಡೆಯುತ್ತವೆ. ಮಂಡಿ ಅಥವಾ ಸಂಘದಲ್ಲಿ ಮುಂದೆ ಲೆಕ್ಕಪತ್ರದ ಕೊಠಡಿ, ಹಿಂದೆ ಗೋದಾಮು, ನಡುವೆ ತೂಕದ ಅಂಗಳ ಇರಬಹುದು. ಧಾರಣೆ ವಿಚಾರಿಸುವ ಕರೆ ಬಂದಾಗ ಗುಮಾಸ್ತರು ಗೋದಾಮಿನಲ್ಲಿದ್ದರೆ, ತಂತಿಯ ದೂರವಾಣಿಯಾದರೆ ಓಡಿಬರಬೇಕು. ಕಾರ್ಡ್‌ಲೆಸ್ ಆದರೆ ನಿಂತಲ್ಲೇ ಉತ್ತರಿಸಬಹುದು. ಊರಿನವರಿಗೆ ವರ್ಷಗಳಿಂದ ಬಾಯಿಪಾಠವಾಗಿರುವ ಕಚೇರಿಯ ಸಂಖ್ಯೆಯೂ ಹಾಗೆಯೇ ಉಳಿಯುತ್ತದೆ. ಸಿಬ್ಬಂದಿ ವರ್ಗವಾದರೂ ಸಂಖ್ಯೆ ಬದಲಾಗದಿರುವುದು ಸ್ಥಿರ ದೂರವಾಣಿಯ ಮುಖ್ಯ ಗುಣ.

ಅಜ್ಜಂಪುರವು ಹಿಂದೆ ತರೀಕೆರೆ ತಾಲ್ಲೂಕಿನ ಭಾಗವಾಗಿತ್ತು. ಅದು ಪ್ರತ್ಯೇಕ ತಾಲ್ಲೂಕಾದ ನಂತರವೂ ಎರಡೂ ಊರುಗಳ ದೂರವಾಣಿ ಸಂಕೇತ ಒಂದೇ ಆಗಿದೆ.

ಅಳವಡಿಸುವ ಕ್ರಮ

1. ಸ್ಥಳದ ಆಯ್ಕೆ: ಮೂಲ ಘಟಕವನ್ನು ಕಟ್ಟಡದ ಮಧ್ಯಭಾಗದಲ್ಲಿ, ನೆಲದಿಂದ ಎತ್ತರದಲ್ಲಿ ಇರಿಸಬೇಕು. ಕಬ್ಬಿಣದ ಬೀರುವಿನ ಪಕ್ಕ, ಕಂಪ್ಯೂಟರಿನ ಹಿಂದೆ ಅಥವಾ ಕಿಟಕಿಯ ಇರಚಲು ತಾಗುವಲ್ಲಿ ಇರಿಸಬಾರದು.

2. ತಂತಿ ಜೋಡಣೆ: ತಾಮ್ರದ ತಂತಿಯಾದರೆ ಗೋಡೆಯ ದೂರವಾಣಿ ಪೆಟ್ಟಿಗೆಗೆ ನೇರವಾಗಿ ಜೋಡಿಸಬೇಕು. ಅದೇ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ನಡುವೆ ಸ್ಪ್ಲಿಟರ್ ಅಳವಡಿಸುವುದು ಅಗತ್ಯ. ಇಲ್ಲವಾದರೆ ಮಾತಿನಲ್ಲಿ ಕೀರಲು ಸದ್ದು ಕೇಳಿಸುತ್ತದೆ, ಅಂತರಜಾಲವೂ ಕಡಿದುಹೋಗುತ್ತದೆ. ಫೈಬರ್ ಸಂಪರ್ಕವಾದರೆ ಮೋಡೆಮ್‌ನ ಹಿಂಬದಿಯಲ್ಲಿ ದೂರವಾಣಿಗೆಂದೇ ಇರುವ ಸಣ್ಣ ಕಿಂಡಿಗೆ ಜೋಡಿಸಬೇಕು.

3. ಬ್ಯಾಟರಿ: ಹ್ಯಾಂಡ್‌ಸೆಟ್‌ಗಳಲ್ಲಿ ಸಾಮಾನ್ಯವಾಗಿ ತಲಾ 1.2 ವೋಲ್ಟ್‌ನ ಎರಡು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಿರುತ್ತವೆ. ಮೊದಲ ಬಾರಿ, ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆ ಪೂರ್ತಿಯಾಗಿ ಚಾರ್ಜ್ ಮಾಡಿದ ನಂತರವೇ ಬಳಸಬೇಕು. ಗಡಿಯಾರಕ್ಕೆ ಹಾಕುವ ಸಾಧಾರಣ ಸೆಲ್‌ಗಳನ್ನು ಇದಕ್ಕೆ ಹಾಕಬಾರದು. ಚಾರ್ಜ್ ಮಾಡುವಾಗ ಅವು ಸೋರಬಹುದು ಅಥವಾ ಸಿಡಿಯಬಹುದು.

4. ನೋಂದಣಿ: ಪೆಟ್ಟಿಗೆಯಲ್ಲಿಯೇ ಬಂದ ಹ್ಯಾಂಡ್‌ಸೆಟ್ ಸಾಮಾನ್ಯವಾಗಿ ಮೊದಲೇ ನೋಂದಣಿಯಾಗಿರುತ್ತದೆ. ಹೆಚ್ಚುವರಿ ಹ್ಯಾಂಡ್‌ಸೆಟ್ ಸೇರಿಸಲು ಮೂಲ ಘಟಕದ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಹ್ಯಾಂಡ್‌ಸೆಟ್‌ನ ಪಟ್ಟಿಯಲ್ಲಿ ನೋಂದಣಿ ಆಯ್ಕೆಯನ್ನು ತೆರೆದು, ಗುಪ್ತ ಸಂಖ್ಯೆ ನೀಡಬೇಕು. ಹಲವು ಮಾದರಿಗಳಲ್ಲಿ ಆರಂಭಿಕ ಗುಪ್ತ ಸಂಖ್ಯೆ 0000. ನೋಂದಣಿ ಮುಗಿದ ಕೂಡಲೇ ಅದನ್ನು ಬದಲಾಯಿಸುವುದು ಒಳ್ಳೆಯದು.

5. ಡಯಲ್ ವಿಧಾನ: ಪಲ್ಸ್ ಮತ್ತು ಟೋನ್ ಎಂಬ ಎರಡು ವಿಧಾನಗಳಲ್ಲಿ ಟೋನ್ ಆರಿಸಬೇಕು. ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂದು ಹೇಳುವ ಬ್ಯಾಂಕ್ ಮತ್ತು ಸಹಾಯವಾಣಿಗಳು ಟೋನ್ ವಿಧಾನವನ್ನಷ್ಟೇ ಗುರುತಿಸುತ್ತವೆ.

6. ದಿನಾಂಕ ಮತ್ತು ವೇಳೆ: ಇವನ್ನು ಸರಿಪಡಿಸದಿದ್ದರೆ ತಪ್ಪಿದ ಕರೆಗಳ ಪಟ್ಟಿಯಲ್ಲಿ ವೇಳೆ ತಪ್ಪಾಗಿ ದಾಖಲಾಗುತ್ತದೆ.

ಕರೆ ಮಾಡುವ ಕ್ರಮ

ಭಾರತದಲ್ಲಿ ಊರಿನ ಸಂಕೇತ ಮತ್ತು ಚಂದಾದಾರರ ಸಂಖ್ಯೆ ಸೇರಿ, ಮೊದಲ ಸೊನ್ನೆಯನ್ನು ಬಿಟ್ಟು, ಒಟ್ಟು 10 ಅಂಕಿಗಳಾಗುತ್ತವೆ. ಕಡೂರು ಮತ್ತು ಬೀರೂರಿನ ಸಂಕೇತ 08267. ತರೀಕೆರೆ ಮತ್ತು ಅಜ್ಜಂಪುರದ ಸಂಕೇತ 08261. ಜಿಲ್ಲಾ ಕೇಂದ್ರ ಚಿಕ್ಕಮಗಳೂರಿನದು 08262. ಇವುಗಳ ಮುಂದೆ 6 ಅಂಕಿಗಳ ಸಂಖ್ಯೆ ಬರುತ್ತದೆ. ಕಡೂರಿನಿಂದ ಬೀರೂರಿಗೆ 6 ಅಂಕಿಗಳನ್ನು ಒತ್ತಿದರೆ ಸಾಕು; ಕಡೂರಿನಿಂದ ಅಜ್ಜಂಪುರಕ್ಕೆ 08261 ಸೇರಿಸಬೇಕು.

2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಯಾವುದೇ ಮೊಬೈಲ್ ಸಂಖ್ಯೆಗೆ ಕರೆ ಮಾಡುವಾಗ ಮೊದಲು 0 ಒತ್ತುವುದು ಕಡ್ಡಾಯವಾಗಿದೆ. ಕಚೇರಿಗಳಲ್ಲಿ ಕಂಡುಬರುವ ಒಂದು ತೊಡಕಿಗೆ ಇದೇ ಕಾರಣ. ತಪ್ಪಿದ ಕರೆಗಳ ಪಟ್ಟಿಯಲ್ಲಿ ಮೊಬೈಲ್ ಸಂಖ್ಯೆಯು 0 ಇಲ್ಲದೆ 10 ಅಂಕಿಗಳಾಗಿ ದಾಖಲಾಗಿದ್ದರೆ, ಅಲ್ಲಿಂದಲೇ ಮರಳಿ ಕರೆ ಮಾಡಿದಾಗ ಸಂಪರ್ಕ ಸಿಗುವುದಿಲ್ಲ. ಸಂಖ್ಯೆಯ ಮುಂದೆ 0 ಸೇರಿಸಿ ಕರೆ ಮಾಡಬೇಕು. ಹೆಸರಿನ ಪಟ್ಟಿಯಲ್ಲಿ ಉಳಿಸುವಾಗಲೂ 0 ಸಹಿತವಾಗಿಯೇ ಬರೆಯಬೇಕು.

ಕರೆ ಮಾಡಿದವರ ಸಂಖ್ಯೆ ಕಾಣಿಸಬೇಕಾದರೆ ದೂರವಾಣಿ ಸಂಸ್ಥೆಯಿಂದ ಆ ಸೇವೆ ಪಡೆದಿರಬೇಕು. ಸಂಖ್ಯೆಯನ್ನು ರವಾನಿಸಲು ಡಿಟಿಎಂಎಫ್ ಮತ್ತು ಎಫ್‌ಎಸ್‌ಕೆ ಎಂಬ ಎರಡು ಪದ್ಧತಿಗಳಿವೆ. ಸೇವೆ ಇದ್ದೂ ಸಂಖ್ಯೆ ಕಾಣದಿದ್ದರೆ ಉಪಕರಣದಲ್ಲಿ ಈ ಪದ್ಧತಿಯನ್ನು ಬದಲಾಯಿಸಿ ನೋಡಬೇಕು.

ಕಚೇರಿಯ ವಿಶೇಷ ಸೌಲಭ್ಯಗಳು

ಒಂದು ಮೂಲ ಘಟಕಕ್ಕೆ ಹಲವು ಹ್ಯಾಂಡ್‌ಸೆಟ್‌ಗಳನ್ನು ಸೇರಿಸಬಹುದು. ಎಷ್ಟು ಎಂಬುದು ಮಾದರಿಯನ್ನು ಅವಲಂಬಿಸಿದೆ. ಹೊರಗಿನ ಸಂಪರ್ಕವಿಲ್ಲದೆಯೇ ಕೊಠಡಿಯಿಂದ ಕೊಠಡಿಗೆ ಇಂಟರ್‌ಕಾಮ್ ಮೂಲಕ ಮಾತನಾಡಬಹುದು. ಬಂದ ಕರೆಯನ್ನು ಮುಖ್ಯಸ್ಥರಿಗೆ ವರ್ಗಾಯಿಸುವ ಮೊದಲು ತಡೆಹಿಡಿಯುವ ಗುಂಡಿಯನ್ನು ಒತ್ತಬೇಕು. ಇಲ್ಲವಾದರೆ ಕಚೇರಿಯ ಒಳಮಾತು ಕರೆ ಮಾಡಿದವರಿಗೆ ಕೇಳಿಸುತ್ತದೆ. ಕಚೇರಿಯಲ್ಲಿ ಇಪಿಎಬಿಎಕ್ಸ್ ವ್ಯವಸ್ಥೆ ಇದ್ದರೆ ಹೊರಗಿನ ಕರೆಗೆ ಮೊದಲು 0 ಅಥವಾ 9 ಒತ್ತಬೇಕಾಗುತ್ತದೆ. ಸಂಖ್ಯೆಯನ್ನು ಉಳಿಸುವಾಗ ಈ ಅಂಕಿಯ ನಂತರ ‘ಪಾಸ್’ ಎಂಬ ವಿರಾಮವನ್ನು ಸೇರಿಸಿದರೆ ಹೊರಸಂಪರ್ಕ ದೊರೆಯಲು ಅವಕಾಶ ಸಿಗುತ್ತದೆ.

ವಿದ್ಯುತ್ ಕಡಿತ ಮತ್ತು ತುರ್ತು ಕರೆ

ಕಾರ್ಡ್‌ಲೆಸ್ ದೂರವಾಣಿಯ ಅತಿ ದೊಡ್ಡ ಮಿತಿ ಇದೇ. ತಂತಿಯ ಸಾಧಾರಣ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ತಾಮ್ರದ ತಂತಿಯ ಮೂಲಕ ಸುಮಾರು 48 ವೋಲ್ಟ್ ಏಕಮುಖ ವಿದ್ಯುತ್ ಬರುತ್ತದೆ. ಆದ್ದರಿಂದ ಊರಿಗೆ ಊರೇ ಕತ್ತಲಾದರೂ ಅದು ಕೆಲಸ ಮಾಡುತ್ತದೆ. ಕಾರ್ಡ್‌ಲೆಸ್ ಉಪಕರಣದ ಮೂಲ ಘಟಕಕ್ಕಾದರೋ ಗೋಡೆಯ ವಿದ್ಯುತ್ತೇ ಆಧಾರ. ವಿದ್ಯುತ್ ನಿಂತ ಕ್ಷಣ, ಹ್ಯಾಂಡ್‌ಸೆಟ್‌ನ ಬ್ಯಾಟರಿ ತುಂಬಿದ್ದರೂ, ದೂರವಾಣಿ ಮೌನವಾಗುತ್ತದೆ. ಹೊರಗಿನಿಂದ ಕರೆ ಮಾಡಿದವರಿಗೆ ಗಂಟೆ ಬಾರಿಸುವ ಸದ್ದು ಕೇಳುತ್ತಲೇ ಇರಬಹುದು. ಕಚೇರಿಯಲ್ಲಿ ಯಾರೂ ಇಲ್ಲವೆಂದು ಅವರು ಭಾವಿಸುತ್ತಾರೆ. ಮಳೆಗಾಲದಲ್ಲಿ, ಮರ ಬಿದ್ದು ಸಂಪರ್ಕ ಕಡಿಯುವ ಗುಡ್ಡಗಾಡಿನ ಅಂಚಿನ ಊರುಗಳಲ್ಲಿ ಶಾಲೆ ಅಥವಾ ಆಸ್ಪತ್ರೆಯ ಪಾಲಿಗೆ ಇದು ಸಣ್ಣ ವಿಷಯವಲ್ಲ.

ಇದಕ್ಕೆ ಮೂರು ಪರಿಹಾರಗಳಿವೆ. ತಾಮ್ರದ ತಂತಿ ಇರುವಲ್ಲಿ ಹಳೆಯ ತಂತಿಯ ದೂರವಾಣಿಯನ್ನು ಎಸೆಯದೆ, ಅದೇ ಸಂಪರ್ಕಕ್ಕೆ ಸಮಾನಾಂತರವಾಗಿ ಜೋಡಿಸಿಡುವುದು ಮೊದಲನೆಯದು. ಮೂಲ ಘಟಕವನ್ನು ಯುಪಿಎಸ್ ಅಥವಾ ಇನ್‌ವರ್ಟರ್‌ಗೆ ಜೋಡಿಸುವುದು ಎರಡನೆಯದು. ಫೈಬರ್ ಸಂಪರ್ಕವಿರುವಲ್ಲಿ ಮೂಲ ಘಟಕದೊಂದಿಗೆ ಮೋಡೆಮ್‌ಗೂ ಇದೇ ವ್ಯವಸ್ಥೆ ಮಾಡುವುದು ಮೂರನೆಯದು. ಫೈಬರಿನಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ ಹರಿಯುವುದಿಲ್ಲ. ಆದ್ದರಿಂದ ಅಲ್ಲಿ ತಂತಿಯ ದೂರವಾಣಿಯೂ ಮೋಡೆಮ್ ಆರಿದೊಡನೆ ನಿಲ್ಲುತ್ತದೆ. ತುರ್ತು ಸಂಖ್ಯೆ 112 ಮತ್ತು ಆಂಬ್ಯುಲೆನ್ಸ್ ಸಂಖ್ಯೆ 108ನ್ನು ದೂರವಾಣಿಯ ಬಳಿ ಬರೆದು ಅಂಟಿಸುವುದು ರೂಢಿಯಾಗಬೇಕು.

ಸಿಡಿಲಿನ ಸಮಯದಲ್ಲಿ ದೂರವಾಣಿ ತಂತಿ ಮತ್ತು ಅಡಾಪ್ಟರ್ ಎರಡನ್ನೂ ಕಳಚಿಡುವುದು ಸುರಕ್ಷಿತ. ಸಿಡಿಲು ಹೊಡೆಯುತ್ತಿರುವಾಗ ತಂತಿಗಳನ್ನು ಮುಟ್ಟದೆ, ಮೋಡ ಕವಿಯುವಾಗಲೇ ಕಳಚಬೇಕು.

ಗೋಪ್ಯತೆ

ಅನಲಾಗ್ ಕಾರ್ಡ್‌ಲೆಸ್ ದೂರವಾಣಿಯ ಮಾತನ್ನು ಸಾಧಾರಣ ರೇಡಿಯೋ ಗ್ರಾಹಕದಿಂದಲೂ ಕೇಳಬಹುದಿತ್ತು. ಡೆಕ್ಟ್ ಮಾನಕದಲ್ಲಿ ಗೂಢಲಿಪೀಕರಣಕ್ಕೆ ಅವಕಾಶವಿದೆ. ಆದರೆ ಅದರ ಆರಂಭಿಕ ವಿಧಾನದ ದೌರ್ಬಲ್ಯಗಳನ್ನು ಯುರೋಪಿನ ಸಂಶೋಧಕರು 2008ರ ಡಿಸೆಂಬರ್‌ನಲ್ಲಿ ಬಹಿರಂಗಪಡಿಸಿದರು. ಅನಂತರ ಹೆಚ್ಚು ಬಲವಾದ ವಿಧಾನವನ್ನು ಮಾನಕಕ್ಕೆ ಸೇರಿಸಲಾಯಿತು. ಬ್ಯಾಂಕ್ ಖಾತೆಯ ವಿವರ, ಒಟಿಪಿ, ರೋಗಿಯ ಮಾಹಿತಿ ಮುಂತಾದವನ್ನು ಹಳೆಯ ಕಾರ್ಡ್‌ಲೆಸ್ ಉಪಕರಣದಲ್ಲಿ ಹೇಳದಿರುವುದು ಜಾಣತನ.

ವಿದೇಶದಿಂದ ತಂದ ಉಪಕರಣಗಳು

ಅಮೆರಿಕದಲ್ಲಿ ಮಾರಾಟವಾಗುವ ‘ಡೆಕ್ಟ್ 6.0’ ದೂರವಾಣಿಗಳು 1920ರಿಂದ 1930 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ ಈ ಪಟ್ಟಿಯನ್ನು ಮೊಬೈಲ್ ಸೇವೆಗೆ ನೀಡಲಾಗಿದೆ. ಅಲ್ಲಿಂದ ಉಡುಗೊರೆಯಾಗಿ ಬಂದ ಉಪಕರಣವನ್ನು ಇಲ್ಲಿ ಬಳಸಿದರೆ ಸುತ್ತಲಿನ ಮೊಬೈಲ್ ಜಾಲಕ್ಕೆ ಅಡಚಣೆಯಾಗುತ್ತದೆ. ಅದರ ಅಡಾಪ್ಟರ್ 120 ವೋಲ್ಟ್‌ಗೆ ಮಾತ್ರ ರೂಪಿತವಾಗಿದ್ದರೆ ಇಲ್ಲಿನ 230 ವೋಲ್ಟ್‌ಗೆ ಸುಟ್ಟುಹೋಗುತ್ತದೆ. ಭಾರತದ ಮಾರುಕಟ್ಟೆಗೆಂದೇ ತಯಾರಾದ ಮಾದರಿಗಳನ್ನೇ ಕೊಳ್ಳಬೇಕು.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಡಯಲ್ ಟೋನ್ ಇಲ್ಲದಿದ್ದರೆ: ತಂತಿಯ ದೂರವಾಣಿಯೊಂದನ್ನು ಅದೇ ಪೆಟ್ಟಿಗೆಗೆ ಜೋಡಿಸಿ ನೋಡಬೇಕು. ಅದರಲ್ಲಿಯೂ ಟೋನ್ ಇಲ್ಲವಾದರೆ ದೋಷ ಸಂಪರ್ಕದಲ್ಲಿದೆ; ಇದ್ದರೆ ದೋಷ ಕಾರ್ಡ್‌ಲೆಸ್ ಉಪಕರಣದಲ್ಲಿದೆ. ದೂರು ನೀಡುವ ಮೊದಲು ಈ ಪರೀಕ್ಷೆ ಮಾಡಿದರೆ ಸಮಯ ಉಳಿಯುತ್ತದೆ.

ಹ್ಯಾಂಡ್‌ಸೆಟ್ ಮೂಲ ಘಟಕವನ್ನು ಹುಡುಕುತ್ತಲೇ ಇದ್ದರೆ: ಅಡಾಪ್ಟರ್ ಪರಿಶೀಲಿಸಿ, ಹ್ಯಾಂಡ್‌ಸೆಟ್‌ನ್ನು ಹತ್ತಿರ ತಂದು, ಅಗತ್ಯವಿದ್ದರೆ ಮರುನೋಂದಣಿ ಮಾಡಬೇಕು.

ಮಾತಿನ ನಡುವೆ ಬೇಗನೆ ಆರಿಹೋದರೆ: ಚಾರ್ಜಿಂಗ್ ಬಿಂದುಗಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಆಗಲೂ ಸರಿಹೋಗದಿದ್ದರೆ ಎರಡೂ ಸೆಲ್‌ಗಳನ್ನು ಒಟ್ಟಿಗೆ ಬದಲಾಯಿಸಬೇಕು.

ಹ್ಯಾಂಡ್‌ಸೆಟ್ ಕಾಣೆಯಾದರೆ: ಮೂಲ ಘಟಕದ ಗುಂಡಿಯನ್ನು ಒಮ್ಮೆ ಒತ್ತಿದರೆ ಹ್ಯಾಂಡ್‌ಸೆಟ್ ಸದ್ದು ಮಾಡುತ್ತದೆ. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಈ ಉಪಾಯ ಫಲಿಸದು.

ವಿಲೇವಾರಿ

ಕೆಟ್ಟ ಉಪಕರಣ ಮತ್ತು ಸೆಲ್‌ಗಳನ್ನು ಮನೆಯ ಕಸದೊಂದಿಗೆ ಸೇರಿಸಬಾರದು, ಸುಡಲೂಬಾರದು. ಹಳೆಯ ಹ್ಯಾಂಡ್‌ಸೆಟ್‌ಗಳ ನಿಕಲ್ ಕ್ಯಾಡ್ಮಿಯಂ ಸೆಲ್‌ಗಳಲ್ಲಿರುವ ಕ್ಯಾಡ್ಮಿಯಂ ವಿಷಕಾರಿ ಲೋಹ. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಮತ್ತು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂತಹ ವಸ್ತುಗಳ ಮರುಸಂಗ್ರಹದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ವಿಲೇವಾರಿಗೆ ಮೊದಲು ಹ್ಯಾಂಡ್‌ಸೆಟ್‌ನಲ್ಲಿರುವ ಹೆಸರು ಮತ್ತು ಸಂಖ್ಯೆಗಳ ಪಟ್ಟಿಯನ್ನು ಅಳಿಸಬೇಕು.