ಹೆಂಡದಂಗಡಿಯಲ್ಲಿ ಕಲಿತ ದಂಡನಾಯಕ

ಮಗನು ಯಾರೊಡನೆ ಕೂಡಿ ತಿರುಗುವನೆಂಬ ಚಿಂತೆಯು ಗೃಹಸ್ಥರಾದ ನಮ್ಮನ್ನು ಒಂದಿಲ್ಲೊಂದು ರಾತ್ರಿ ನಿದ್ದೆಗೆಡಿಸಿಯೇ ಇರುತ್ತದೆ. ಇದೇ ಚಿಂತೆಯಲ್ಲಿ ಬೆಂದ ಒಬ್ಬ ದೊರೆಯನ್ನು ಷೇಕ್ಸ್‌ಪಿಯರ್ ಮಹಾಕವಿಯು 'ನಾಲ್ಕನೆಯ ಹೆನ್ರಿ' ಎಂಬ ಎರಡು ಭಾಗಗಳ ನಾಟಕದಲ್ಲಿ ಚಿತ್ರಿಸಿದ್ದಾನೆ. ಆ ದೊರೆಯ ಹಿರಿಯ ಮಗ ಹ್ಯಾಲನು ಅರಮನೆಯನ್ನು ಬಿಟ್ಟು ಲಂಡನ್ನಿನ ಈಸ್ಟ್‌ಚೀಪ್ ಬೀದಿಯ ಹೆಂಡದಂಗಡಿಯಲ್ಲಿ ಕಾಲ ಕಳೆಯುತ್ತಾನೆ. ಮುಂದೆ 'ಐದನೆಯ ಹೆನ್ರಿ' ನಾಟಕದಲ್ಲಿ ಅವನೇ ದೊರೆಯಾಗಿ, ರೋಗದಿಂದ ಬಳಲಿದ ಚಿಕ್ಕ ಸೈನ್ಯವೊಂದನ್ನು ನಡೆಸಿಕೊಂಡು ಹೋಗಿ, ಫ್ರಾನ್ಸಿನ ಅಜಿನ್‌ಕೋರ್ಟಿನಲ್ಲಿ ಮಹಾ ಸೈನ್ಯವನ್ನು ಮುರಿಯುತ್ತಾನೆ. ಪೋಲಿಯೆನಿಸಿಕೊಂಡಿದ್ದ ಹುಡುಗನಿಗೆ ದಂಡು ನಡೆಸುವ ವಿದ್ಯೆಯು ಎಲ್ಲಿಂದ ಬಂದಿತು?

ಚರಿತ್ರೆಯ ರಾಜಕುಮಾರನ ಸಂಗತಿ ಬೇರೆ. ಅವನು ಹದಿಹರೆಯದಲ್ಲಿಯೇ ವೇಲ್ಸಿನ ದಂಗೆಯನ್ನು ಅಡಗಿಸುವ ಕೆಲಸದಲ್ಲಿದ್ದವನು. ೧೪೦೩ರ ಷ್ರೂಸ್‌ಬರಿ ಕಾಳಗದಲ್ಲಿ ಮುಖಕ್ಕೆ ಬಾಣ ನೆಟ್ಟು, ವೈದ್ಯನ ಕೈಚಳಕದಿಂದ ಬದುಕಿ ಉಳಿದವನು. ೧೪೧೫ರಲ್ಲಿ ಅಜಿನ್‌ಕೋರ್ಟನ್ನು ಗೆದ್ದವನು. ನಾವು ಇಲ್ಲಿ ಹೇಳಹೊರಟಿರುವುದು ಕವಿಯು ಕಲ್ಪಿಸಿದ ಹ್ಯಾಲನ ವಿಷಯ.

ಕವಿಯು ಮಾಡಿಕೊಂಡ ಮಾರ್ಪಾಡೊಂದನ್ನು ಗಮನಿಸಬೇಕು. ದಂಗೆಯೆದ್ದ ವೀರ ಹಾಟ್‌ಸ್ಪರನು ೧೩೬೪ರಲ್ಲಿ ಹುಟ್ಟಿ, ದೊರೆಗಿಂತಲೂ ಹಿರಿಯನಾಗಿದ್ದನು. ನಾಟಕದಲ್ಲಾದರೋ ಅವನು ಹ್ಯಾಲನ ಓರಗೆಯವನು. ಅದರಿಂದಲೇ ತಂದೆಯು ಇಬ್ಬರನ್ನೂ ತೂಗಿ ನೋಡಿ, ತೊಟ್ಟಿಲಲ್ಲಿಯೇ ಮಕ್ಕಳು ಅದಲುಬದಲಾಗಿದ್ದರೆ ಚೆನ್ನಾಗಿತ್ತೆಂದು ಹಲುಬಲು ಸಾಧ್ಯವಾಯಿತು. ನೆರೆಮನೆಯ ಹುಡುಗನ ಗುಣಗಾನವನ್ನು ಕೇಳಿ ಬೆಳೆದ ಮಕ್ಕಳಿಗೆ ಈ ಮಾತಿನ ಉರಿಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಾಟ್‌ಸ್ಪರನ ಶೌರ್ಯದಲ್ಲಿ ತಾಳ್ಮೆಯೆಂಬುದಿಲ್ಲ. ಸ್ವಂತ ತಂದೆಯ ದಂಡು ಬಾರದೆ, ಗ್ಲೆಂಡವರನ ನೆರವೂ ಒದಗದೆ ಹೋದಾಗ, ಅದರಿಂದ ತನ್ನ ಕೀರ್ತಿಯೇ ಹೆಚ್ಚುವುದೆಂದು ಹಿಗ್ಗಿ ಅವನು ಕಾಳಗಕ್ಕೆ ನುಗ್ಗುತ್ತಾನೆ. ಹ್ಯಾಲನು ಅವನನ್ನು ಕೊಂದ ಮೇಲೆ ಹೆಣದ ಮುಖಕ್ಕೆ ತನ್ನದೇ ವಸ್ತ್ರವನ್ನು ಮುಚ್ಚಿ ಗೌರವಿಸುತ್ತಾನೆ. ಎದುರಾಳಿಯ ಧೈರ್ಯವನ್ನು ತನ್ನದಾಗಿಸಿಕೊಂಡನು. ಅವಸರವನ್ನು ಅಲ್ಲಿಯೇ ಬಿಟ್ಟನು.

ಇನ್ನು ಹೆಂಡದಂಗಡಿಯ ಗುರು ಫಾಲ್‌ಸ್ಟಾಫನು: ಮುದುಕ, ಸ್ಥೂಲಕಾಯ, ಸಾಲಗಾರ, ನಗೆಯ ಬುಗ್ಗೆ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ನಮ್ಮ ಗಾದೆಗೆ ಈತನಿಗಿಂತ ತಕ್ಕ ಆಸಾಮಿಯು ಸಿಕ್ಕಲಾರನು. ಹ್ಯಾಲನು ಕೊಂದ ಹಾಟ್‌ಸ್ಪರನನ್ನು ತಾನೇ ಕೊಂದೆನೆಂದು ಹೊತ್ತುಕೊಂಡು ಬಂದ ಭೂಪ! ದಂಡಿಗೆ ಆಳು ಕೂಡಿಸಲು ಕಳುಹಿಸಿದರೆ, ಉಳ್ಳವರಿಂದ ಹಣ ತಿಂದು ಬಿಟ್ಟುಬಿಟ್ಟನು. ನೂರೈವತ್ತು ಆಳುಗಳ ಬದಲಿಗೆ ಮುನ್ನೂರಕ್ಕೆ ಮಿಕ್ಕ ಪೌಂಡುಗಳನ್ನು ಗಂಟುಕಟ್ಟಿ, ಚಿಂದಿಯುಟ್ಟ ಬಡವರನ್ನು ಸಾಲುಗಟ್ಟಿಸಿ ತಂದನು. ಗುಂಡಿ ತುಂಬಲು ಇವರೂ ಆದಾರೆಂಬುದು ಅವನ ಸಮಾಧಾನ. ಹ್ಯಾಲನು ಆ ಸಾಲನ್ನು ಕಣ್ಣಾರೆ ಕಂಡವನು. ಸೇನೆಯೆಂದರೆ ಯಾರು, ಯಾರ ಮಕ್ಕಳು ಸಾಯುತ್ತಾರೆ ಎಂಬುದನ್ನು ಯಾವ ಅರಮನೆಯ ಉಪಾಧ್ಯಾಯನು ಅವನಿಗೆ ತೋರಿಸುತ್ತಿದ್ದನು?

ಅದೇ ಅಂಗಡಿಯಲ್ಲಿ ಅವನು ಹೆಂಡ ಬಡಿಸುವ ಹುಡುಗರ ಹೆಸರುಗಳನ್ನೂ ಅವರ ಆಡುಮಾತನ್ನೂ ಕಲಿತನು. ಕುಲುಮೆಯವನೊಡನೆ ಕುಳಿತು ಅವನದೇ ನುಡಿಯಲ್ಲಿ ಮಾತಾಡಬಲ್ಲೆನೆಂಬುದು ಅವನ ಹೆಮ್ಮೆ. ಆದರೆ ಈ ಒಡನಾಟವೆಲ್ಲವೂ ಬೇಕೆಂದೇ ಹಾಕಿಕೊಂಡ ಮುಸುಕು, ಸಮಯ ಬಂದಾಗ ತೆಗೆದೊಗೆಯುವೆನೆಂದು ಮೊದಲೇ ತನ್ನಷ್ಟಕ್ಕೆ ಹೇಳಿಕೊಂಡಿದ್ದಾನಲ್ಲ, ಆ ಮಾತನ್ನು ಓದಿದಾಗ ನಮಗೆ ಮೈ ತಣ್ಣಗಾಗುತ್ತದೆ.

ಪಟ್ಟಕ್ಕೆ ಬಂದೊಡನೆ ಅವನು ಆರಿಸಿಕೊಂಡ ಹಿರಿಯನು, ಹಿಂದೊಮ್ಮೆ ತನ್ನನ್ನೇ ಸೆರೆಗೆ ಕಳುಹಿಸಿದ್ದ ಮುಖ್ಯ ನ್ಯಾಯಾಧೀಶನು. ಅವನನ್ನು ತಂದೆಯ ಸ್ಥಾನದಲ್ಲಿಟ್ಟು, ಓಡಿಬಂದ ಫಾಲ್‌ಸ್ಟಾಫನನ್ನು ಜನರೆದುರಿನಲ್ಲಿಯೇ ಅರಿಯೆನೆಂದನು. ಮುದುಕನು ಆ ನೋವಿನಲ್ಲಿಯೇ ಸತ್ತನು. ಫ್ರಾನ್ಸಿನಲ್ಲಿ ಹಳೆಯ ಗೆಳೆಯ ಬಾರ್ಡಾಲ್ಫನು ದೇವಾಲಯದ ಒಡವೆಯನ್ನು ಕದ್ದು ಗಲ್ಲಿಗೇರಿದಾಗ, ದೊರೆಯು ಆ ಶಿಕ್ಷೆಯನ್ನು ಒಪ್ಪಿ, ಹಳ್ಳಿಗರಿಂದ ಬೆಲೆ ಕೊಡದೆ ಏನನ್ನೂ ಕೊಳ್ಳಕೂಡದೆಂದು ಅಪ್ಪಣೆಮಾಡಿದನು. ನ್ಯಾಯವೆಂಬುದರಲ್ಲಿ ಸಂಶಯವಿಲ್ಲ, ಕಣ್ಣೀರೊಂದು ಹನಿಯಿದ್ದರೆ ಆಗದೆಂದಿರಲಿಲ್ಲ.

ಯುದ್ಧದ ಹಿಂದಿನ ರಾತ್ರಿ ದೊರೆಯು ಎರ್ಪಿಂಗ್‌ಹ್ಯಾಮನ ನಿಲುವಂಗಿಯನ್ನು ಬೇಡಿ ಹೊದ್ದು, ಗುರುತು ಮರೆಸಿ ಪಾಳೆಯದಲ್ಲಿ ಸುತ್ತುತ್ತಾನೆ. ಈಸ್ಟ್‌ಚೀಪಿನ ವಿದ್ಯೆಯು ಇಲ್ಲಿ ಫಲಕ್ಕೆ ಬಂದಿತು: ಅವನು ತಮ್ಮವನೇ ಎಂದು ನಂಬಿ ಸಿಪಾಯಿಗಳು ಮನಸ್ಸನ್ನು ಬಿಚ್ಚುತ್ತಾರೆ. ವಿಲಿಯಮ್ಸ್ ಎಂಬ ಸಾಮಾನ್ಯ ಸಿಪಾಯಿಯು, ಈ ಯುದ್ಧದ ಕಾರಣವು ನ್ಯಾಯವಲ್ಲದಿದ್ದರೆ, ಕಡಿದುಬಿದ್ದ ಕೈಕಾಲುಗಳೆಲ್ಲವೂ ಕೂಡಿ ಬಂದು ದೊರೆಯಿಂದ ಲೆಕ್ಕ ಕೇಳುವುವೆನ್ನುತ್ತಾನೆ. ದೊರೆಯು ಜಾಣತನದಿಂದ ವಾದಿಸುತ್ತಾನೆ: ಪ್ರತಿಯೊಬ್ಬನ ಪಾಪವು ಅವನವನದೇ ಎಂದು. ಕಾರಣವು ನ್ಯಾಯವೇ ಎಂಬುದಕ್ಕೆ ಮಾತ್ರ ಉತ್ತರವಿಲ್ಲ. ಮಾತು ಬೆಳೆದು ಜಗಳವಾಗಿ, ಮುಂದೆ ಗುರುತು ಹಿಡಿಯಲೆಂದು ಇಬ್ಬರೂ ಕೈಚೀಲವನ್ನು ಬದಲಿಸಿಕೊಳ್ಳುತ್ತಾರೆ. ಬೆಳಗಾಗುವ ಮುನ್ನ ದೊರೆಯು ಏಕಾಂತದಲ್ಲಿ, ಕಿರೀಟಕ್ಕಾಗಿ ತನ್ನ ತಂದೆ ಮಾಡಿದ ತಪ್ಪನ್ನು ಇಂದು ನೆನೆಯಬೇಡವೆಂದು ದೇವರನ್ನು ಬೇಡಿಕೊಳ್ಳುತ್ತಾನೆ.

ಗೆಲುವಿನ ತರುವಾಯ ಗುಟ್ಟು ಹೊರಬೀಳುತ್ತದೆ. ವಿಲಿಯಮ್ಸನು ಅಂಜದೆ, ಪ್ರಭುಗಳು ಪ್ರಭುಗಳಂತೆ ಬರಲಿಲ್ಲ, ತಪ್ಪು ತಮ್ಮದೇ ಎನ್ನುತ್ತಾನೆ. ದೊರೆಯು ಕೋಪಿಸದೆ, ಆ ಕೈಚೀಲವನ್ನು ಚಿನ್ನದ ನಾಣ್ಯಗಳಿಂದ ತುಂಬಿಸಿ ಅವನಿಗೆ ಕೊಡಿಸುತ್ತಾನೆ. ಕಡಿದುಬಿದ್ದ ಕೈಕಾಲುಗಳ ಮಾತನ್ನು ಅಲ್ಲಿ ಇಬ್ಬರೂ ಎತ್ತುವುದಿಲ್ಲ.