ಉಂಡರೂ ತೀರದ ಹಸಿವು

ಬಕಾಸುರನಿಗೆಂದು ಗಾಡಿಯಲ್ಲಿ ತುಂಬಿ ಕಳಿಸಿದ ಅನ್ನವನ್ನು ಭೀಮಸೇನ ಅವನ ಕಣ್ಣೆದುರಿಗೇ ಕೂತು ಉಂಡು ಮುಗಿಸಿದ ಕತೆ ಕೇಳದ ಮಕ್ಕಳು ನಮ್ಮಲ್ಲಿ ಕಡಿಮೆ. ಭೀಮನಿಗೆ ವೃಕೋದರ ಎಂದು ಇನ್ನೊಂದು ಹೆಸರು. ವೃಕ ಎಂದರೆ ತೋಳ; ತೋಳದ ಹೊಟ್ಟೆಯವನು ಎಂದರ್ಥ. ಅಜ್ಜಿ ಈ ಕತೆ ಹೇಳಿದರೆ ಎಲ್ಲರಿಗೂ ನಗು. ಅದೇ ನಗು ತರಗತಿಯಲ್ಲೋ ಮದುವೆಮನೆಯ ಪಂಕ್ತಿಯಲ್ಲೋ ಒಂದು ಮಗುವಿನ ಕಡೆ ತಿರುಗಿ, 'ಹೊಟ್ಟೆಬಾಕ' ಎಂಬ ಹೆಸರಾಗಿ ಅಂಟಿಕೊಂಡರೆ? ಕೆಲವು ಮಕ್ಕಳಿಗೆ, ಕೆಲವು ದೊಡ್ಡವರಿಗೆ ಹಸಿವು ನಿಜವಾಗಿಯೂ ನಿಲ್ಲುವುದಿಲ್ಲ. ಅದನ್ನು ಆಸೆಬುರುಕತನ ಎನ್ನುವಂತಿಲ್ಲ, ಅದು ಕಾಯಿಲೆ. ನಮ್ಮ ಆಯುರ್ವೇದದವರೂ ಇಂಥದ್ದನ್ನು ಕಂಡು 'ಭಸ್ಮಕ' ಎಂದು ಹೆಸರಿಟ್ಟಿದ್ದರು. ತಿಂದದ್ದೆಲ್ಲ ಹೊಟ್ಟೆಯ ಬೆಂಕಿಯಲ್ಲಿ ಬೂದಿಯಾಗುವ ರೋಗ ಎಂದು ಅವರ ಎಣಿಕೆ.

ಹಸಿವಿನ ಲೆಕ್ಕ ಇಡುವ ಗುಮಾಸ್ತ ಕೂತಿರುವುದು ಮಾತ್ರ ಮಿದುಳಿನೊಳಗೆ. ಹೈಪೋಥಲಾಮಸ್ ಎಂಬ, ಬಾದಾಮಿಯಷ್ಟೇ ದೊಡ್ಡದಾದ ಒಂದು ಭಾಗ ಅದು. ಹೊಟ್ಟೆ ಖಾಲಿಯಾದಾಗ ಜಠರದಿಂದ ಘ್ರೆಲಿನ್ ಎಂಬ ಹಾರ್ಮೋನು ಹೊರಟು 'ಊಟದ ಹೊತ್ತಾಯಿತು' ಎಂದು ಅದಕ್ಕೆ ಸುದ್ದಿ ಮುಟ್ಟಿಸುತ್ತದೆ. ಮೈಯ ಕೊಬ್ಬಿನಿಂದ ಲೆಪ್ಟಿನ್ ಎಂಬ ಇನ್ನೊಂದು ಹಾರ್ಮೋನು ಹೊರಟು 'ಉಗ್ರಾಣದಲ್ಲಿ ದಾಸ್ತಾನಿದೆ, ಸಾಕು' ಎನ್ನುತ್ತದೆ. ಈ ಎರಡನೆಯ ಸುದ್ದಿ ತಲುಪದೇ ಹೋದರೆ ಏನಾಗುತ್ತದೆ ಎಂದು ತಿಳಿದದ್ದು ಒಂದು ಇಲಿಯಿಂದ.

1949ರಲ್ಲಿ ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಒಂದು ವಿಚಿತ್ರ ಇಲಿಯ ವಂಶ ಕಾಣಿಸಿಕೊಂಡಿತು. ಸದಾ ತಿನ್ನುವುದು, ಉಳಿದ ಇಲಿಗಳ ಮೂರರಷ್ಟು ತೂಗುವುದು! ಅಲ್ಲೇ ಕೆಲಸ ಮಾಡುತ್ತಿದ್ದ ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಮುಂದೆ ಒಂದು ಪ್ರಯೋಗ ನಡೆಸಿದರು. ಈ ದಢೂತಿ ಇಲಿಯನ್ನೂ ಒಂದು ಸಾಧಾರಣ ಇಲಿಯನ್ನೂ ಜೋಡಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ದಢೂತಿ ಇಲಿ ತಿನ್ನುವುದನ್ನು ಕಡಿಮೆ ಮಾಡಿತು, ತೂಕ ಇಳಿಸಿತು. ಹಾಗಾದರೆ 'ಸಾಕು' ಎನ್ನುವ ಯಾವುದೋ ವಸ್ತು ರಕ್ತದಲ್ಲಿದೆ, ಈ ಇಲಿಯಲ್ಲಿ ಅದು ಹುಟ್ಟುತ್ತಲೇ ಇಲ್ಲ ಎಂದು ಕೋಲ್ಮನ್ ಊಹಿಸಿದರು. ಆ ವಸ್ತುವಿನ ಜೀನ್ ಸಿಕ್ಕಿದ್ದು 1994ರಲ್ಲಿ, ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರಿಗೆ. ಗ್ರೀಕ್ ಭಾಷೆಯಲ್ಲಿ ಲೆಪ್ಟೋಸ್ ಎಂದರೆ ತೆಳ್ಳಗೆ. ಅದರಿಂದ ಬಂದ ಹೆಸರೇ ಲೆಪ್ಟಿನ್.

ಇಲಿಯ ಮಾತಾಯಿತು, ಮನುಷ್ಯರಲ್ಲಿ? ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸ್ಟೀಫನ್ ಒರಾಹಿಲಿ ಮತ್ತು ಸದಫ್ ಫಾರೂಕಿ ಅವರ ತಂಡದ ಮುಂದೆ ಒಂದೇ ಕುಟುಂಬದ ಇಬ್ಬರು ಮಕ್ಕಳು ಬಂದರು. ಎಂಟು ವರ್ಷದ ಹುಡುಗಿಯ ತೂಕ 86 ಕಿಲೋ, ಎರಡು ವರ್ಷದ ಹುಡುಗನದು 29 ಕಿಲೋ. ರಕ್ತ ಪರೀಕ್ಷಿಸಿದರೆ ಇಬ್ಬರಲ್ಲೂ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆ. 1997ರಲ್ಲಿ ಈ ವಿಷಯ ಪ್ರಕಟವಾಯಿತು. ಆ ಹುಡುಗಿಗೆ ದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ಹತೋಟಿಗೆ ಬಂತು. ಒಂದು ವರ್ಷದಲ್ಲಿ ಸುಮಾರು 16 ಕಿಲೋ ಇಳಿಯಿತು. ಅದುವರೆಗೆ ಆ ಮಕ್ಕಳಿಗೆ ಎಷ್ಟು ಜನ ಬುದ್ಧಿ ಹೇಳಿದ್ದರೋ! ಬುದ್ಧಿವಾದದಿಂದ ಲೆಪ್ಟಿನ್ ಹುಟ್ಟುವುದಿಲ್ಲವಲ್ಲ. (ದಪ್ಪಗಿರುವ ಎಲ್ಲರಿಗೂ ಈ ಚುಚ್ಚುಮದ್ದು ಬೇಕೆಂದು ತಿಳಿಯಬೇಡಿ. ಬಹುಪಾಲು ಜನರ ಮೈಯಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇರುತ್ತದೆ. ಈ ದೋಷ ತೀರಾ ಅಪರೂಪದ್ದು.)

ಇನ್ನೊಂದು ಕಾಯಿಲೆ ಅಷ್ಟು ಅಪರೂಪವಲ್ಲ. ಸುಮಾರು ಹದಿನೈದು ಸಾವಿರ ಮಕ್ಕಳಿಗೆ ಒಂದರಂತೆ ಕಾಣುವ ಅದರ ಹೆಸರು ಪ್ರೇಡರ್-ವಿಲ್ಲಿ ಸಿಂಡ್ರೋಮ್. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಇದನ್ನು ಮೊದಲು ಸರಿಯಾಗಿ ವಿವರಿಸಿದರು. ಹದಿನೈದನೆಯ ಕ್ರೋಮೋಸೋಮಿನಲ್ಲಿ ತಂದೆಯ ಕಡೆಯಿಂದ ಬಂದು ಕೆಲಸ ಮಾಡಬೇಕಾದ ಕೆಲವು ಜೀನ್‌ಗಳು ಕೆಲಸ ಮಾಡದಿರುವುದೇ ಇದಕ್ಕೆ ಕಾರಣ. ಇದರಲ್ಲಿ ತಂದೆಯ ತಪ್ಪೂ ಇಲ್ಲ, ತಾಯಿಯ ತಪ್ಪೂ ಇಲ್ಲ.

ಈ ಮಕ್ಕಳ ಬಾಲ್ಯದ ವಿಪರ್ಯಾಸ ನೋಡಿ. ಹುಟ್ಟಿದಾಗ ಮೈ ಸಡಿಲ, ಅಳುವ ದನಿ ಕ್ಷೀಣ, ಹಾಲು ಚೀಪಲೂ ಶಕ್ತಿಯಿಲ್ಲ. 'ಕೂಸು ಹಾಲೇ ಕುಡಿಯುವುದಿಲ್ಲ' ಎಂದು ಮನೆಮಂದಿಯೆಲ್ಲ ಕಣ್ಣೀರಿಡುತ್ತಾರೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅದೇ ಮಗು ಎಷ್ಟು ಕೊಟ್ಟರೂ ಸಾಲದು ಎನ್ನತೊಡಗುತ್ತದೆ. ಅಡುಗೆಮನೆಯ ಡಬ್ಬ ಬರಿದಾಗುತ್ತದೆ, ಕಸದ ಬುಟ್ಟಿಯಲ್ಲಿ ಬಿದ್ದದ್ದೂ ಬಾಯಿಗೆ ಹೋಗುತ್ತದೆ. ಅದರ ದೇಹಕ್ಕೆ ಬೇಕಾದ ಆಹಾರವಾದರೋ ಓರಗೆಯ ಮಕ್ಕಳಿಗಿಂತ ಕಡಿಮೆ! ಇವರಿಗೆ ವಾಂತಿ ಸುಲಭವಾಗಿ ಆಗುವುದಿಲ್ಲ, ನೋವೂ ಬೇಗ ತಿಳಿಯುವುದಿಲ್ಲ. ಆದ್ದರಿಂದ ಇಂಥ ಮಗು ಹೊಟ್ಟೆನೋವೆಂದರೆ, ವಾಂತಿ ಮಾಡಿದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇಂಥ ಮನೆಗಳಲ್ಲಿ ಫ್ರಿಜ್ಜಿಗೂ ಅಡುಗೆಮನೆಗೂ ಬೀಗ ಹಾಕುತ್ತಾರೆ. ಕೇಳಲು ಕ್ರೂರವೆನಿಸಬಹುದು. ಆದರೆ ಊಟ ಯಾವಾಗ, ಏನು, ಎಷ್ಟು ಎಂಬುದು ಗೊತ್ತಾಗಿ, ನಡುವೆ ಏನೂ ಸಿಗದು ಎಂಬುದೂ ಗೊತ್ತಾದರೆ ಮಗುವಿನ ಮನಸ್ಸು ಎಷ್ಟೋ ಶಾಂತವಾಗುತ್ತದೆ. ಇಲ್ಲಿ ಅಜ್ಜ-ಅಜ್ಜಿಯರ ಪಾತ್ರ ದೊಡ್ಡದು. 'ಪಾಪ, ಹಸಿದಿದೆ' ಎಂದು ಸೆರಗಿನ ಮರೆಯಲ್ಲಿ ಒಂದು ಚಕ್ಕುಲಿ ಕೊಟ್ಟರೂ, ನಾಳೆಯೂ ಸಿಗಬಹುದೆಂದು ಮಗು ದಿನವಿಡೀ ಕಾದು ಚಡಪಡಿಸುತ್ತದೆ. ಚಕ್ಕುಲಿಯ ಬದಲು ಕತೆ ಹೇಳಿ, ಚೌಕಾಬಾರ ಆಡಿಸಿ, ಕೈಹಿಡಿದು ಸುತ್ತಾಡಿಸಿ. 2025ರಲ್ಲಿ ಈ ಹಸಿವನ್ನು ತಗ್ಗಿಸುವ ಒಂದು ಔಷಧಕ್ಕೆ ಅಮೆರಿಕದಲ್ಲಿ ಮೊದಲ ಬಾರಿಗೆ ಒಪ್ಪಿಗೆ ಸಿಕ್ಕಿದೆ.

ನಮ್ಮ ನೆರೆಹೊರೆಯಲ್ಲೇ ಕಾಣಬಹುದಾದದ್ದು ಇನ್ನೊಂದಿದೆ. ಮಗು ಚೆನ್ನಾಗಿ ತಿನ್ನುತ್ತಿದೆ, ಆದರೂ ಸೊರಗುತ್ತಿದೆ. ಚೊಂಬುಗಟ್ಟಲೆ ನೀರು ಕುಡಿಯುತ್ತದೆ, ಪದೇಪದೇ ಮೂತ್ರಕ್ಕೆ ಏಳುತ್ತದೆ; ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದೆ. ಹಿರಿಯರು ಜಂತುಹುಳುವೆಂದೋ ದೃಷ್ಟಿಯಾಗಿದೆಯೆಂದೋ ಮನೆಮದ್ದು ಹುಡುಕುತ್ತಾರೆ. ಇದು ಮಕ್ಕಳ ಸಕ್ಕರೆ ಕಾಯಿಲೆ ಇರಬಹುದು. ಇನ್ಸುಲಿನ್ ಇಲ್ಲದೆ ರಕ್ತದಲ್ಲಿರುವ ಸಕ್ಕರೆ ಜೀವಕೋಶಗಳ ಒಳಗೆ ಹೋಗದು. ಕಣಜ ತುಂಬಿದ್ದೂ ಮನೆಯವರು ಉಪವಾಸ ಬಿದ್ದಂತೆ. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಇದು ಗೊತ್ತಾಗುತ್ತದೆ. ಅದೇ ದಿನ ಪರೀಕ್ಷೆ ಮಾಡಿಸಿ, ವಾರದ ಸಂತೆಯ ತನಕ ಕಾಯಬೇಡಿ. ಮಗು ವಾಂತಿ ಮಾಡಿ, ಜೋರಾಗಿ ಉಸಿರೆಳೆದು, ಮಂಕಾದರೆ ಪ್ರಾಣಕ್ಕೇ ಅಪಾಯ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇಂದು ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಓದುತ್ತಾರೆ, ಕಬಡ್ಡಿ ಆಡುತ್ತಾರೆ.

ಎತ್ತರಕ್ಕೆ ಬೆಳೆಯುವ ವಯಸ್ಸಿನ ಹುಡುಗ ಮೂರು ದೋಸೆಯ ಮೇಲೆ ಇನ್ನೆರಡು ಕೇಳಿದರೆ ಮಾತ್ರ ಗಾಬರಿಯಾಗಬೇಡಿ, ಹುಯ್ದು ಕೊಡಿ.

ದೊಡ್ಡವರ ವಿಷಯಕ್ಕೆ ಬಂದರೆ, ಹಸಿವು ಹೆಚ್ಚಿ ತೂಕ ಇಳಿದು, ಎದೆ ಡವಗುಟ್ಟಿ ಕೈ ನಡುಗಿದರೆ ಥೈರಾಯ್ಡ್ ಗ್ರಂಥಿಯ ಅತಿ ಚುರುಕು ಕಾರಣವಿರಬಹುದು. ಸ್ಟಿರಾಯ್ಡ್ ಮಾತ್ರೆಗಳೂ ಹಸಿವು ಹೆಚ್ಚಿಸುತ್ತವೆ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವ ಅಜ್ಜನಿಗೆ ದಿಢೀರನೆ ಹಸಿವಾಗಿ, ಬೆವರಿ, ಕೈ ನಡುಗಿದರೆ ಅದು ಸಕ್ಕರೆ ಕುಸಿದ ಗುರುತು. ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸುವುದು ಮೊಮ್ಮಕ್ಕಳೂ ಮಾಡಬಲ್ಲ ಕೆಲಸ.

ಮರೆವಿನ ಕಾಯಿಲೆಯ ಹಿರಿಯರು ಉಂಡ ಅರ್ಧ ಗಂಟೆಗೇ 'ನನಗೆ ಊಟವೇ ಹಾಕಿಲ್ಲ' ಎಂದು ನೆಂಟರ ಮುಂದೆ ಹೇಳುವುದುಂಟು. ಸೊಸೆಗೆ ಅವಮಾನ, ಮನೆಯಲ್ಲಿ ಜಗಳ. 'ಈಗಷ್ಟೇ ಉಂಡಿರಲ್ಲ' ಎಂದು ವಾದಿಸಿ ಪ್ರಯೋಜನವಿಲ್ಲ; ಅವರ ಪಾಲಿಗೆ ಆ ಊಟ ನಡೆದೇ ಇಲ್ಲ. ಒಂದು ಹೋಳು ಪಪ್ಪಾಯಿ ಕೈಗಿತ್ತು ಮಾತು ಬೇರೆಡೆ ತಿರುಗಿಸಿ. ಎಂಜಲು ತಟ್ಟೆಯನ್ನು ಕೂಡಲೇ ಎತ್ತದೆ ಸ್ವಲ್ಪ ಹೊತ್ತು ಅವರ ಎದುರಿಗೇ ಬಿಟ್ಟರೂ ಆದೀತು. ಮೈಲಿಗೆ ಎಂದು ಯಾರಾದರೂ ಗೊಣಗಿದರೆ ಗೊಣಗಲಿ. ತಟ್ಟೆ ಕಂಡು ಉಂಡದ್ದು ನೆನಪಾಗುವುದೂ ಉಂಟು.