ಕಡಲ ತಡಿಯ ಮಾರ್ಗದರ್ಶಕ

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಗೋಡೆ. ಇವೆರಡರ ನಡುವಣ ಕಿರಿದಾದ ನೆಲವೇ ಉಡುಪಿಯ ಸೀಮೆ. ಬೆಳಗ್ಗೆ ಕಡಲ ಮರಳಿನ ಮೇಲೆ ನಿಂತವನು ಮಧ್ಯಾಹ್ನ ಘಟ್ಟದ ಬುಡದ ಊರುಗಳನ್ನು ಕಂಡು, ಸೂರ್ಯಾಸ್ತದ ಹೊತ್ತಿಗೆ ಮತ್ತೆ ಕಡಲಿಗೆ ಮರಳಬಹುದು. ಒಂದೇ ಹಗಲಿನಲ್ಲಿ ಇಷ್ಟು ಬಗೆಯ ನೋಟಗಳು ದೊರೆಯುವುದರಿಂದ ಒಂದು ದಿನದ ಖಾಸಗಿ ಪ್ರವಾಸವೆಂಬುದು ಇಲ್ಲಿ ರೂಢಿಗೆ ಬಂದಿದೆ. ಒಂದು ಕಾರು, ಅದರ ಚಾಲಕ, ಊರು ಬಲ್ಲ ಒಬ್ಬ ಮಾರ್ಗದರ್ಶಕ. ಇಷ್ಟಿದ್ದರೆ ಒಂದು ಕುಟುಂಬವು ತನ್ನ ಮನಸ್ಸಿಗೆ ಒಪ್ಪುವ ವೇಗದಲ್ಲಿ ಕರಾವಳಿಯನ್ನು ಸುತ್ತಿ ಬರಬಹುದು. ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ತಿಂಗಳುಗಳಲ್ಲಿ ವಿಹಾರನೌಕೆಗಳು ಬರುವುದುಂಟು. ಅವುಗಳಲ್ಲಿ ಬಂದ ಪರದೇಶದ ಪ್ರವಾಸಿಗಳಿಗಂತೂ ಇರುವುದು ಒಂದೇ ಹಗಲು. ಸಂಜೆಗೆ ನೌಕೆ ಲಂಗರೆತ್ತುತ್ತದೆ.

ಇಂಥ ಪ್ರವಾಸದಲ್ಲಿ ಪ್ರವಾಸಿಯು ಹಣ ತೆತ್ತು ಕೊಳ್ಳುವುದು ಏನನ್ನು? ಕಡಲು ಯಾರಿಗೂ ಸೇರಿದ್ದಲ್ಲ. ಗುಡಿ ಬಸದಿಗಳೂ ಮಾರಾಟದ ವಸ್ತುಗಳಲ್ಲ. ಅವನು ಕೊಳ್ಳುವುದು ಮಾರ್ಗದರ್ಶಕನ ಮಾತನ್ನು. ಆ ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಅವನಿಗೆ ಎರಡನೆಯ ದಿನವಿಲ್ಲ. ಇಂದು ಕೇಳಿದ್ದನ್ನೇ ತನ್ನ ದೇಶಕ್ಕೆ ಒಯ್ದು ನಾಲ್ಕು ಜನಕ್ಕೆ ಹೇಳುತ್ತಾನೆ. ನಮ್ಮ ಊರಿನ ಚರಿತ್ರೆ ಎಷ್ಟೋ ಜನರಿಗೆ ತಲುಪುವುದು ಗ್ರಂಥಗಳಿಂದಲ್ಲ, ಈ ಬಾಡಿಗೆಯ ಬಾಯಿಯಿಂದ.

ಹೊಸಬರಿಗೆ ದಾರಿ ತೋರುವ ಕೆಲಸ ಈ ಕರಾವಳಿಗೆ ಹೊಸದಲ್ಲ. 14ನೆಯ ಶತಮಾನದಲ್ಲಿ ಇತ್ತ ಬಂದಿದ್ದ ಇಬ್ನ್ ಬತೂತನು ಇಂದಿನ ಬಾರ್ಕೂರನ್ನು ಫಾಕನೂರು ಎಂದು ಕರೆದಿದ್ದಾನೆ. ಕರಾವಳಿಯ ದಾರಿಯುದ್ದಕ್ಕೂ ಮರಗಳ ನೆರಳಿತ್ತು. ಅರ್ಧ ಅರ್ಧ ಮೈಲಿಗೊಮ್ಮೆ ಕುಳಿತುಕೊಳ್ಳಲು ಜಗುಲಿಯುಳ್ಳ ಮನೆ, ಒಂದು ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇದ್ದರು ಎಂದು ಅವನು ಬರೆದಿಟ್ಟಿದ್ದಾನೆ. 1801ರಲ್ಲಿ ಕನ್ನಡ ಜಿಲ್ಲೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಊರೂರಿನಲ್ಲಿ ಬಲ್ಲವರನ್ನು ಕರೆದು ಕೇಳಿ, ಅವರು ಹೇಳಿದ್ದನ್ನು ಅವರ ಹೇಳಿಕೆಯೆಂದೇ ದಾಖಲಿಸಿದನು. ಈ ಕ್ರಮವು ಮಾರ್ಗದರ್ಶಕನಿಗೂ ಒಪ್ಪುವಂಥದು. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಹೇಳುವುದು ಸುಲಭವೆಂದು ತೋರುತ್ತದೆ. ಆದರೆ ಒಂದು ದಿನ ಅವನ ಜೊತೆಗೆ ಹೊರಟು ನೋಡಿದರೆ ಅದು ಎಷ್ಟು ಕಷ್ಟವೆಂಬುದು ತಿಳಿಯುತ್ತದೆ.

ಉಡುಪಿ ಪೇಟೆಗೆ ತಾಗಿಕೊಂಡೇ ಇರುವ ಅಂಬಲಪಾಡಿಯಿಂದ ಹೊರಡೋಣ. ಜನಾರ್ದನ ಮತ್ತು ಮಹಾಕಾಳಿಯರ ದೇವಸ್ಥಾನದಿಂದ ಹೆಸರಾದ ಊರಿದು. ರಾಷ್ಟ್ರೀಯ ಹೆದ್ದಾರಿ ಇದರ ಮಗ್ಗುಲಲ್ಲೇ ಹಾದುಹೋಗುತ್ತದೆ. ಒಳ್ಳೆಯ ಮಾರ್ಗದರ್ಶಕನು ಕಾರು ಹೊರಟ ಒಡನೆಯೇ ಊರುಗಳ ಹೆಸರುಗಳನ್ನು ಓದಲು ಕಲಿಸುತ್ತಾನೆ. ‘ಬೈಲು’ ಎಂದರೆ ತಗ್ಗಿನ ಗದ್ದೆಯ ನೆಲ. ‘ಪದವು’ ಎಂದರೆ ಮುರಕಲ್ಲಿನ ಬೋಳು ಬಯಲು. ‘ಕುದ್ರು’ ಎಂದರೆ ಹೊಳೆಯ ನಡುವಣ ದ್ವೀಪ. ತುಳುವಿನಲ್ಲಿ ‘ಮೂಡು’ ಪೂರ್ವ, ‘ಪಡು’ ಪಶ್ಚಿಮ. ಇಷ್ಟು ತಿಳಿದರೆ ಮೂಡಬಿದ್ರೆಯೂ ಪಡುಬಿದ್ರಿಯೂ ಬಿದಿರಿನ ಎರಡು ಊರುಗಳು, ಒಂದು ಮೂಡಣದ್ದು, ಒಂದು ಪಡುವಣದ್ದು ಎಂಬುದು ತಾನಾಗಿ ಹೊಳೆಯುತ್ತದೆ. ಕಾರಿನ ಕಿಟಕಿಯಲ್ಲಿ ಸುಮ್ಮನೆ ಸರಿದುಹೋಗುತ್ತಿದ್ದ ನಾಮಫಲಕಗಳು ಅಲ್ಲಿಂದ ಮುಂದೆ ನೆಲದ ವರ್ಣನೆಯಾಗುತ್ತವೆ.

ಮೊದಲು ಮಲ್ಪೆಗೆ ಹೋಗುವುದೇ ಸರಿ. ಕಾರಣ, ಕಡಲ ಗಾಳಿ ಮಧ್ಯಾಹ್ನದ ಮೇಲೆ ಬಲಗೊಳ್ಳುತ್ತದೆ, ಬೆಳಗಿನ ನೀರು ಹೆಚ್ಚು ಶಾಂತ. ಮಲ್ಪೆಯಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ ಸೇಂಟ್ ಮೇರಿ ದ್ವೀಪಗಳಿವೆ. ಊರಿನವರು ತೋನ್ಸೆಪಾರ್ ಎಂದು ಕರೆಯುತ್ತಿದ್ದ ಈ ದ್ವೀಪಗಳಲ್ಲಿ ಜನವಸತಿಯಿಲ್ಲ. ತೆಂಗಿನ ಮರಗಳ ಬುಡದಲ್ಲಿ ಕಲ್ಲಿನ ಕಂಬಗಳು ಒಂದಕ್ಕೊಂದು ಒತ್ತಿ ನಿಂತಿರುವುದನ್ನು ಕಂಡವರು, ಇವನ್ನು ಯಾರೋ ಕಡಿದು ಜೋಡಿಸಿರಬೇಕೆಂದು ಭಾವಿಸುವುದು ಸಹಜ. ಉತ್ತರ ಐರ್ಲೆಂಡಿನ ಕಡಲ ತಡಿಯಲ್ಲಿಯೂ ಇಂಥ ಕಂಬಗಳಿವೆ. ಅಲ್ಲಿಯ ಜನರು ಅವನ್ನು ಒಬ್ಬ ದೈತ್ಯನು ಕಟ್ಟಿದ ದಾರಿಯೆಂದು ಕಥೆ ಮಾಡಿದರು.

ಕಂಬಗಳು ಮೂಡಿದ ಬಗೆ ದೈತ್ಯನ ಕಥೆಗಿಂತ ಸ್ವಾರಸ್ಯವಾಗಿದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದರ ಕೆಸರು ಒಣಗಿ, ಕುಗ್ಗಿ, ಬಹುಕೋನಾಕಾರದ ಹೆಂಟೆಗಳಾಗಿ ಸೀಳುವುದನ್ನು ನೀವು ನೋಡಿರಬಹುದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿಬಂದ ಲಾವಾರಸವು ಇಲ್ಲಿ ಹರಡಿತು. ಅದು ಆರುತ್ತ ಬಂದಂತೆ ಮೇಲ್ಮೈ ಕುಗ್ಗಿ ಬಿರುಕುಬಿಟ್ಟಿತು. ತಂಪು ಒಳಗಿಳಿದಂತೆ ಬಿರುಕುಗಳೂ ಒಳಗಿಳಿದವು. ಹೀಗೆ ಐದು, ಆರು, ಏಳು ಮುಖಗಳ ಕಂಬಗಳು ಬೇರ್ಪಟ್ಟವು. ಆಗ ಭಾರತದ ಪಕ್ಕಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಭೂಭಾಗವು ಸೀಳಿ ದೂರ ಸರಿಯುತ್ತಿದ್ದ ಕಾಲದ ಗುರುತು ಇದೆಂದು ವಿಜ್ಞಾನಿಗಳು ಹೇಳುತ್ತಾರೆ. ಈ ಶಿಲೆಯನ್ನು ಬಸಾಲ್ಟ್ ಎಂದು ಹೇಳಿಬಿಡುವ ರೂಢಿ ಉಂಟು. ಶಿಲಾತಜ್ಞರು ಮಾತ್ರ ಇದನ್ನು ಸಿಲಿಕಾ ಹೆಚ್ಚಾಗಿರುವ ರಯೋಲೈಟ್ ಮತ್ತು ಡೇಸೈಟ್ ಜಾತಿಗೆ ಸೇರಿಸುತ್ತಾರೆ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ದ್ವೀಪದ ಹೆಸರಿನ ವಿಷಯದಲ್ಲಿ ಇನ್ನೊಂದು ಮಾತು. ವಾಸ್ಕೋ ಡ ಗಾಮನು ಕೋಳಿಕೋಡಿಗೆ ಹೋಗುವ ಮುನ್ನ ಮೊದಲು ಕಾಲಿಟ್ಟದ್ದು ಇಲ್ಲಿಯೇ ಎಂದು ದೋಣಿಯಲ್ಲಿ ಹಲವರು ಹೇಳುತ್ತಾರೆ. ಕೇಳಲು ಹೆಮ್ಮೆಯೆನಿಸುತ್ತದೆ. ಆದರೆ ಅವನ ಪಯಣದ ದಿನಚರಿ ಬೇರೆಯೇ ಹೇಳುತ್ತದೆ. ಅವನು ಕೋಳಿಕೋಡಿನ ಬಳಿ ಬಂದದ್ದು 1498ರ ಮೇ ತಿಂಗಳಲ್ಲಿ. ಕರಾವಳಿಗುಂಟ ಉತ್ತರಕ್ಕೆ ಹಿಂದಿರುಗುತ್ತಿದ್ದಾಗ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ತೀರದ ಸಮೀಪದ ಒಂದು ಪುಟ್ಟ ದ್ವೀಪದಲ್ಲಿ ಸಾಂತಾ ಮರಿಯಾ ಎಂಬ ಹೆಸರಿನ ಶಿಲಾಸ್ತಂಭವನ್ನು ನೆಡಿಸಿದನು. ಆ ದ್ವೀಪ ಇದೇ ಎಂಬುದು ನಂಬಿಕೆ. ಬರುವ ದಾರಿಯನ್ನೂ ಹೋಗುವ ದಾರಿಯನ್ನೂ ಅದಲುಬದಲು ಮಾಡಿದರೆ ಕಥೆಗೆ ಮೆರುಗು ಬರುತ್ತದೆ, ನಿಜ.

ಇಲ್ಲಿ ಮಾರ್ಗದರ್ಶಕನು ಹೇಳಬೇಕಾದ ಅತ್ಯಂತ ಕಠಿಣವಾದ ಮಾತು ಚರಿತ್ರೆಗೆ ಸಂಬಂಧಿಸಿದ್ದಲ್ಲ. ‘ಈ ದಿನ ಬೇಡ’ ಎಂಬುದೇ ಆ ಮಾತು. ಮಳೆಗಾಲದ ತಿಂಗಳುಗಳಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ಮೀನುಗಾರಿಕೆಗೂ ನಿಷೇಧವಿರುವುದರಿಂದ ಮಲ್ಪೆಯ ಬಂದರಿನಲ್ಲಿ ದೋಣಿಗಳು ಸಾಲುಗಟ್ಟಿ ನಿಂತಿರುತ್ತವೆ. ಆ ಕಾಲದಲ್ಲಿ ನಿರಾಕರಿಸುವುದು ಕಷ್ಟವಲ್ಲ. ನಿಯಮವೇ ಅವನ ಪರವಾಗಿ ಮಾತನಾಡುತ್ತದೆ. ಕಷ್ಟವಿರುವುದು ಬಿಸಿಲು ಚೆನ್ನಾಗಿ ಬಿದ್ದು, ನೀರು ನೀಲಿಯಾಗಿ ಹೊಳೆಯುತ್ತ, ಒಳಗೆ ಸೆಳೆತ ಮಾತ್ರ ಬಲವಾಗಿರುವ ದಿನಗಳಲ್ಲಿ. ತೀರದಲ್ಲಿ ಕೆಂಪು ಬಾವುಟ ಹಾರುತ್ತಿದ್ದರೂ, ದೂರದಿಂದ ಬಂದವನು ‘ನನಗೆ ಈಜು ಬರುತ್ತದೆ’ ಎನ್ನುತ್ತಾನೆ. ಕೆರೆಯ ಈಜು ಬೇರೆ, ಕಡಲ ಈಜು ಬೇರೆ. ದ್ವೀಪದ ಕಂಬಗಳ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಚಿತ್ರ ತೆಗೆಸಿಕೊಳ್ಳಲೆಂದು ಅಲ್ಲಿಗೆ ಹೋಗಿ ಪ್ರಾಣ ಕಳೆದುಕೊಂಡವರೂ ಇದ್ದಾರೆ. ದಿನದ ಕೂಲಿ ಹೋದರೂ ಚಿಂತೆಯಿಲ್ಲವೆಂದು ಪ್ರವಾಸಿಯ ಮುಖಕ್ಕೆ ಎದುರಾಗಿ ಬೇಡವೆನ್ನಬಲ್ಲವನು ಸಿಕ್ಕರೆ, ಅವನ ಸಂಬಳವನ್ನು ಚೌಕಾಶಿ ಮಾಡಬಾರದು. ಅಂಗಡಿಯವರಿಂದ ದಲ್ಲಾಳಿ ಹಣ ಪಡೆದು, ದಾರಿಯಲ್ಲಿ ಗೋಡಂಬಿಯ ಮಳಿಗೆಗಳ ಮುಂದೆ ಮಾತ್ರ ಕಾರು ನಿಲ್ಲಿಸುವವರೂ ಇದೇ ಕಸುಬಿನಲ್ಲಿದ್ದಾರೆ. ಅವರು ಸಾಮಾನ್ಯವಾಗಿ ಯಾವುದಕ್ಕೂ ಬೇಡ ಎನ್ನುವುದಿಲ್ಲ.

ದಡಕ್ಕೆ ಮರಳಿದ ಮೇಲೆ ವಡಭಾಂಡೇಶ್ವರ, ಅಲ್ಲಿಂದ ಉಡುಪಿ. ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ದಡ ಸೇರಿಸಿದರೆಂದೂ, ಅದರ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣನ ವಿಗ್ರಹ ದೊರೆಯಿತೆಂದೂ ಐತಿಹ್ಯವಿದೆ. ಹಡಗು ಹಗುರಾಗಿ ತೂಗಾಡದಿರಲೆಂದು ತಳದಲ್ಲಿ ಭಾರ ತುಂಬುವ ಪದ್ಧತಿಯನ್ನೂ, ದ್ವಾರಕೆಯ ಕಡೆಗೂ ತುಳುನಾಡಿಗೂ ಕಡಲ ದಾರಿಯ ನಂಟಿತ್ತೆಂಬ ನೆನಪನ್ನೂ ಈ ಐತಿಹ್ಯವು ಉಳಿಸಿಕೊಂಡಿದೆ. ಅಷ್ಟ ಮಠಗಳು, ಎರಡು ವರ್ಷಕ್ಕೊಮ್ಮೆ ಪೂಜೆಯ ಅಧಿಕಾರ ಕೈಬದಲಾಗುವ ಪರ್ಯಾಯ, ಕನಕನ ಕಿಂಡಿ ಇವೆಲ್ಲ ನಿಮಗೆ ತಿಳಿದವೇ.

ಕಾರ್ಕಳದ ದಾರಿ ಮಣಿಪಾಲವನ್ನು ಹಾದು ಪೂರ್ವಕ್ಕೆ ಸಾಗುತ್ತದೆ. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದಾಗ ಇದೊಂದು ಮುರಕಲ್ಲಿನ ಬೋಳು ಗುಡ್ಡ. ನೆಲದಿಂದ ತೆಗೆಯುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನು ಮೇಲೆ ಹೇಳಿದ ಬುಕಾನನ್ನನೇ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂದು ಅದರ ಮೂಲಾರ್ಥ. ಕರಾವಳಿಯ ಮನೆಗಳ ಗೋಡೆಗಳೆಲ್ಲ ಇದರವೇ.

ಕಾರ್ಕಳದಲ್ಲಿ ಕಲ್ಲು ಬದಲಾಗುತ್ತದೆ. ಇಲ್ಲಿಯದು ಗ್ರಾನೈಟು. ಬಂಡೆಯ ಗುಡ್ಡದ ನೆತ್ತಿಯ ಮೇಲೆ 42 ಅಡಿ ಎತ್ತರದ ಗೊಮ್ಮಟನು ನಿಂತಿದ್ದಾನೆ. ವೀರಪಾಂಡ್ಯ ಭೈರರಸನು ಗುರು ಲಲಿತಕೀರ್ತಿಯ ಉಪದೇಶದಂತೆ ಇದನ್ನು ಪ್ರತಿಷ್ಠಾಪಿಸಿದ್ದು 1432ರ ಫೆಬ್ರವರಿ 13ರಂದು. ಎದುರಿನ ಬ್ರಹ್ಮದೇವರ ಕಂಬ 1436ರದು. ಸಮೀಪದಲ್ಲಿಯೇ ಕಾಣುವ ಚತುರ್ಮುಖ ಬಸದಿ 1586ರದು. ವಿಗ್ರಹವನ್ನು ಬೇರೆಡೆ ಕಡೆದು ಗಾಲಿಗಳ ಬಂಡಿಯ ಮೇಲೆ ಗುಡ್ಡಕ್ಕೆ ಎಳೆದರೆಂದು 17ನೆಯ ಶತಮಾನದ ಕವಿ ಚಂದ್ರಮನು ವರ್ಣಿಸಿದ್ದಾನೆ. ಇದು ಕವಿಕಲ್ಪನೆಯಿರಬೇಕೆಂದು ಶಂಕಿಸುವವರಿಗೆ ನಮ್ಮ ಕಾಲದ ಒಂದು ನಿದರ್ಶನವಿದೆ: ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿಯೇ ಕಡೆದರು, ಅನೇಕ ಗಾಲಿಗಳ ವಾಹನದ ಮೇಲೆ ಅದು ಧರ್ಮಸ್ಥಳವನ್ನು ಸೇರಿ 1982ರಲ್ಲಿ ಪ್ರತಿಷ್ಠೆಗೊಂಡಿತು.

ಈ ಗೊಮ್ಮಟನ ಬಳಿ ಮಾರ್ಗದರ್ಶಕರು ತಪ್ಪದೆ ಹೇಳುವ ಕಥೆಯೊಂದಿದೆ. ವಿಗ್ರಹವನ್ನು ಕಡೆದ ಬೀರ ಕಲ್ಕುಡನು ಇಂಥದ್ದನ್ನು ಮತ್ತೊಬ್ಬನಿಗೆ ಮಾಡಿಕೊಡಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನಂತೆ. ಉಳಿದ ಒಂದು ಕೈಯಿಂದಲೇ ಅವನು ವೇಣೂರಿನ ಗೊಮ್ಮಟನನ್ನು ಕಡೆದನಂತೆ. ಕಾಲವನ್ನು ಎಣಿಸಿದರೆ ಇದು ಹೊಂದುವುದಿಲ್ಲ. ವೇಣೂರಿನ ವಿಗ್ರಹ ಸ್ಥಾಪನೆಯಾದದ್ದು 1604ರಲ್ಲಿ. ಎರಡಕ್ಕೂ ನಡುವೆ 172 ವರ್ಷಗಳಿವೆ. ಹಾಗಾದರೆ ಮಾರ್ಗದರ್ಶಕನು ಕಥೆಯನ್ನು ಬಿಟ್ಟುಬಿಡಬೇಕೆ? ಬಿಡಬಾರದು. ಬಿಟ್ಟರೆ ತುಳುನಾಡಿನ ಅರ್ಧ ಮಾತನ್ನು ನುಂಗಿದಂತಾಯಿತು. ಕಲ್ಕುಡನೂ ಅವನ ತಂಗಿ ಕಲ್ಲುರ್ಟಿಯೂ ಇಂದಿಗೂ ದೈವಗಳಾಗಿ ಕೋಲ ಪಡೆಯುತ್ತಾರೆ. ಅವರ ಕಥೆ ಪಾಡ್ದನದಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಶಾಸನವು ವಿಗ್ರಹ ಮಾಡಿಸಿದವನ ಹೆಸರನ್ನು ಕಾಪಾಡಿತು. ಉಳಿ ಹಿಡಿದವನ ಹೆಸರನ್ನೂ ಅವನ ನೋವನ್ನೂ ಕಾಪಾಡಿಕೊಂಡು ಬಂದದ್ದು ಪಾಡ್ದನ. ಕಥೆಯನ್ನು ಹೇಳಿ, ವರ್ಷಗಳನ್ನೂ ಹೇಳಿ, ಎರಡನ್ನೂ ಪ್ರವಾಸಿಯ ಮುಂದೆ ಇಟ್ಟು ಸುಮ್ಮನಾಗುವವನು ನನ್ನ ಎಣಿಕೆಯಲ್ಲಿ ದೊಡ್ಡ ಮಾರ್ಗದರ್ಶಕ. ಅರಸನನ್ನು ಶಪಿಸುತ್ತ ರಕ್ತದ ವರ್ಣನೆಗೆ ಇಳಿಯುವವನಿಗೆ ಬಕ್ಷೀಸು ಹೆಚ್ಚು ಸಿಕ್ಕೀತು, ಅದು ಬೇರೆ ಮಾತು.

ಹಿಂದಿರುಗುವಾಗ ಬಂದ ದಾರಿಯನ್ನೇ ಹಿಡಿಯದೆ, ಬೆಳ್ಮಣ್ಣಿನ ಕಡೆಯಿಂದ ಪಡುಬಿದ್ರಿಗೆ ಇಳಿಯುವುದು ಲೇಸು. ಆ ದಾರಿಗೆ ಸಮೀಪದಲ್ಲೇ ನಂದಳಿಕೆಯಿದೆ. ಮುದ್ದಣನೆಂದು ಕನ್ನಡಿಗರೆಲ್ಲ ಬಲ್ಲ ನಂದಳಿಕೆ ಲಕ್ಷ್ಮೀನಾರಣಪ್ಪನು 1870ರಲ್ಲಿ ಹುಟ್ಟಿದ ಊರು ಅದು. ಉಡುಪಿಯ ಶಾಲೆಯಲ್ಲಿ ಅಧ್ಯಾಪಕನಾಗಿದ್ದ ಆತನು ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡನು. ಪ್ರವಾಸದ ಪಟ್ಟಿಗಳಲ್ಲಿ ಈ ಹೆಸರು ಕಾಣುವುದು ಅಪರೂಪ. ಅಲ್ಲಿ ಎತ್ತರದ ವಿಗ್ರಹವಿಲ್ಲವಷ್ಟೆ.

ಪಡುಬಿದ್ರಿಯಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ತಿರುಗಿದರೆ ಕಾಪು. ಮುದ್ದಣನು ಅಗಲಿದ ಆ ವರ್ಷವೇ, ಎಂದರೆ 1901ರಲ್ಲಿಯೇ, ಇಲ್ಲಿಯ ದೀಪಸ್ತಂಭವನ್ನು ಕಡಲಂಚಿನ ಬಂಡೆಯ ಮೇಲೆ ಕಟ್ಟಿದರು. ಸಂಜೆಯ ಹೊತ್ತು ಮೇಲೆ ಹತ್ತಲು ಅವಕಾಶ ಕೊಡುತ್ತಾರೆ. ಮೇಲಿನಿಂದ ನೋಡಿದರೆ ಬಂಡೆಯ ಸುತ್ತ ನೊರೆ, ಎಡಬಲಗಳಿಗೆ ಮರಳಿನ ಪಟ್ಟೆ, ಹಿಂದೆ ತೆಂಗಿನ ತೋಟಗಳ ಹಸುರು. ಕತ್ತಲಾದ ಮೇಲೆ ಈ ದೀಪ ಎಡೆಬಿಡದೆ ಉರಿಯದು, ಮಿನುಗಿ ಮರೆಯಾಗುತ್ತದೆ. ಒಂದೊಂದು ದೀಪಸ್ತಂಭಕ್ಕೂ ಮಿನುಗುವ ಲೆಕ್ಕ ಬೇರೆ. ನಾವಿಕರು ಮಿನುಗುಗಳ ನಡುವಣ ಅವಧಿಯನ್ನು ಎಣಿಸಿ, ಪಟ್ಟಿಯೊಡನೆ ಹೋಲಿಸಿ, ತಾವಿರುವುದು ಕಾಪುವಿನ ಎದುರಿಗೋ ಇನ್ನಾವುದೋ ತೀರದ ಎದುರಿಗೋ ಎಂದು ತಿಳಿಯುತ್ತಾರೆ. ಒಂದು ಊರಿನ ದೀಪವು ಇನ್ನೊಂದು ಊರಿನ ಲೆಕ್ಕದಲ್ಲಿ ಮಿನುಗಿದರೆ ನಾವಿಕನು ತಾನಿರುವ ಸ್ಥಳವನ್ನೇ ತಪ್ಪಾಗಿ ಎಣಿಸಿ, ಕಾಣದ ಬಂಡೆಗೆ ಹಡಗನ್ನು ಒಯ್ದಾನು. ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ತಡೆದರೆ, ಕೆಳಗಿನ ಮರಳಿನ ಮೇಲೆ ನಿಂತು ನೀವೂ ಆ ಅವಧಿಯನ್ನು ಎಣಿಸಿ ನೋಡಬಹುದು. ಅಲ್ಲಿಂದ ಅಂಬಲಪಾಡಿಗೆ ಸುಮಾರು 13 ಕಿಲೋಮೀಟರು; ಉದ್ಯಾವರದ ಹೊಳೆಯನ್ನು ದಾಟಿದರೆ ಊರು ಬಂದಂತೆಯೇ.